ಅಪರಾಧ ಧಾರಾವಾಹಿ ಬರೆಯುವವರಿಗೂ ನೋಡುವವರಿಗೂ ತುಮಕೂರಿನಿಂದ ಒಂದು ಬಹಿರಂಗ ಪತ್ರ

ಕನ್ನಡ ಮನರಂಜನಾ ವಾಹಿನಿಗಳ ಕಾರ್ಯಕ್ರಮ ಮುಖ್ಯಸ್ಥರಿಗೆ, ಅಪರಾಧ ಧಾರಾವಾಹಿಗಳ ಕತೆ ಮತ್ತು ಸಂಭಾಷಣೆ ಬರೆಯುವವರಿಗೆ, ಆ ಪಾತ್ರಗಳನ್ನು ಮೆಚ್ಚಿ ತಾವೂ ಕತೆ ಬರೆಯುತ್ತಿರುವ ಅಭಿಮಾನಿಗಳಿಗೆ,

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ನ್ಯಾಯಾಲಯಗಳಲ್ಲಿ 34 ವರ್ಷ ಬೆರಳಚ್ಚುಗಾರ್ತಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ನ್ಯಾಯಾಧೀಶರ ಪೀಠದ ಕೆಳಗೆ, ಸಾಕ್ಷಿಯ ಕಟಕಟೆಗೆ ಮೂರಡಿ ದೂರದಲ್ಲಿ ನನ್ನ ಮೇಜು ಇರುತ್ತಿತ್ತು. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಉಕ್ತಲೇಖನ ಕೊಡುತ್ತಿದ್ದರು, ನಾನು ಅದನ್ನು ಅಕ್ಷರಕ್ಕಿಳಿಸುತ್ತಿದ್ದೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಕೊಲೆ, ದರೋಡೆ, ವರದಕ್ಷಿಣೆ ಸಾವು, ಹೊಲದ ಬದುವಿಗಾಗಿ ಬಿದ್ದ ಹೊಡೆತ, ಎಲ್ಲವೂ ನನ್ನ ಬೆರಳ ತುದಿಯಿಂದ ಹಾದು ಹೋಗಿವೆ. ಕಾನೂನು ಪದವಿ ನನಗಿಲ್ಲ. ಆದರೆ ನ್ಯಾಯಾಲಯದ ಕಲಾಪ ಹೇಗೆ ನಡೆಯುತ್ತದೆ ಎಂಬುದನ್ನು ನನ್ನಷ್ಟು ಹೊತ್ತು, ನನ್ನಷ್ಟು ಹತ್ತಿರದಿಂದ ನೋಡಿದವರು ಬಹಳ ಜನ ಇರಲಾರರು.

ಅಪರಾಧ ಧಾರಾವಾಹಿಗಳನ್ನು ನಾನು ಇಷ್ಟಪಟ್ಟು ನೋಡುತ್ತೇನೆ. ರಾತ್ರಿ ಊಟದ ತಟ್ಟೆ ಹಿಡಿದು ಕುಳಿತರೆ ಸಂಚಿಕೆ ಮುಗಿಯುವವರೆಗೂ ಏಳುವವಳಲ್ಲ. ನಿಮ್ಮ ಕೆಲಸದ ಮೇಲೆ ಪ್ರೀತಿ ಇರುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಿರಿ.

ಕಳೆದ ವರ್ಷ ಒಂದು ಧಾರಾವಾಹಿಯಲ್ಲಿ ಏಳು ವರ್ಷದ ಹೆಣ್ಣುಮಗುವನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಆ ಧಾರಾವಾಹಿಯ ಹೆಸರು ಹೇಳುವುದಿಲ್ಲ. ಈ ದೋಷ ಒಬ್ಬರದಲ್ಲ. ಜನ ಕಿಕ್ಕಿರಿದ ನ್ಯಾಯಾಲಯ. ಎದುರಿನ ಕಟಕಟೆಯಲ್ಲಿ ಆರೋಪಿ ಮಗುವನ್ನು ದುರುಗುಟ್ಟಿ ನೋಡುತ್ತಿದ್ದಾನೆ. ಆರೋಪಿಯ ವಕೀಲರು ಮಗುವಿನ ಮುಖದ ಹತ್ತಿರ ಬಂದು, ಬೆರಳು ತೋರಿಸಿ, "ಸುಳ್ಳು ಹೇಳೆಂದು ನಿನ್ನ ಅಮ್ಮ ಹೇಳಿಕೊಟ್ಟಳಲ್ಲವೇ?" ಎಂದು ಗದರಿದರು. ಮಗು ಬಿಕ್ಕಿ ಬಿಕ್ಕಿ ಅತ್ತಿತು. ನ್ಯಾಯಾಧೀಶರು ಸುತ್ತಿಗೆ ಬಡಿದು "ಆರ್ಡರ್, ಆರ್ಡರ್" ಎಂದರು. ಸಂಗೀತ ಏರಿತು, ಸಂಚಿಕೆ ಮುಗಿಯಿತು.

ಅದೇ ವಾರ ನಮ್ಮ ಪಕ್ಕದ ಮನೆಗೆ ಅವರ ನೆಂಟರು ಬಂದಿದ್ದರು. ಯಾವ ಊರು, ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಹೊರಗೆ ಬಿಡಬಾರದೆಂದು ಕಾನೂನೇ ಹೇಳುತ್ತದೆ. ಅವರ ಮನೆಯ ಮಗುವಿಗೆ ಆಗಬಾರದ್ದು ಆಗಿತ್ತು. ದೂರು ಕೊಡಬೇಕೆಂದು ಗಟ್ಟಿ ಮನಸ್ಸು ಮಾಡಿಯೇ ತುಮಕೂರಿಗೆ ಬಂದಿದ್ದರು. ಆ ಸಂಚಿಕೆ ನೋಡಿದ ಮರುದಿನ ಬೆಳಿಗ್ಗೆ ಹಿಂತಿರುಗಿ ಹೊರಟು ನಿಂತಿದ್ದರು. ಅಜ್ಜಿ ನನ್ನ ಕೈ ಹಿಡಿದು, "ಮಗುವನ್ನು ಹಾಗೆ ನಾಲ್ಕು ಜನರ ಮುಂದೆ ನಿಲ್ಲಿಸುತ್ತಾರಲ್ಲವ್ವ. ಬೇಡ. ದೇವರು ನೋಡಿಕೊಳ್ಳುತ್ತಾನೆ" ಎಂದರು.

ನಾನು ಅವರನ್ನು ನಮ್ಮ ಮನೆಗೆ ಕರೆತಂದು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ 2012ರ ಪೋಕ್ಸೊ ಕಾಯ್ದೆ ಇದೆ. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಒಗ್ಗುವ ಬೇರೊಂದು ಜಾಗದಲ್ಲೋ ಬರೆದುಕೊಳ್ಳಬೇಕು, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಿಚಾರಣೆ ನಡೆಯುವುದು ಮುಚ್ಚಿದ ಬಾಗಿಲಿನ ಒಳಗೆ. ತಂದೆತಾಯಿಯೋ ಮಗು ನಂಬುವ ಇನ್ನೊಬ್ಬರೋ ಜೊತೆಗಿರಬಹುದು. ಹೇಳಿಕೆ ಕೊಡುವಾಗ ಮಗುವಿಗೆ ಆರೋಪಿಯ ಮುಖ ಕಾಣದಂತೆ ನೋಡಿಕೊಳ್ಳುವುದು ನ್ಯಾಯಾಲಯದ ಹೊಣೆ. ಅದಕ್ಕೆ ಪರದೆ ಇದೆ, ವಿಡಿಯೊ ಸಂಪರ್ಕ ಇದೆ. ಇನ್ನು ಆ ಗದರುವ ವಕೀಲರ ಮಾತು. ಈ ಕಾಯ್ದೆಯಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತೆಯೇ ಇಲ್ಲ. ಅವರು ಪ್ರಶ್ನೆಯನ್ನು ನ್ಯಾಯಾಧೀಶರಿಗೆ ತಿಳಿಸಬೇಕು, ನ್ಯಾಯಾಧೀಶರು ಅದನ್ನು ಮಗುವಿಗೆ ಕೇಳಬೇಕು. ಮಗುವನ್ನು ಹೀಗಳೆಯುವ, ಅದರ ನಡತೆಯನ್ನು ಕೆದಕುವ ಪ್ರಶ್ನೆಗೆ ನ್ಯಾಯಾಧೀಶರು ಅವಕಾಶ ಕೊಡಬಾರದು.

ಇಷ್ಟನ್ನು ಒಪ್ಪಿಸಲು ನನಗೆ ಎರಡು ಗಂಟೆ ಹಿಡಿಯಿತು. ಅಜ್ಜಿ ನಂಬಲಿಲ್ಲ. "ಟಿವಿಯವರು ವಿಚಾರಿಸದೆ ತೋರಿಸುತ್ತಾರೆಯೇ?" ಎಂದು ಕೇಳಿದರು.

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಆ ಕುಟುಂಬ ಕೊನೆಗೆ ದೂರು ಕೊಟ್ಟಿತು. ಪ್ರಕರಣ ನಡೆಯುತ್ತಿರುವುದರಿಂದ ಅದರ ಬಗ್ಗೆ ಹೆಚ್ಚು ಹೇಳುವುದು ಸರಿಯಲ್ಲ. ಆದರೆ ಪಕ್ಕದ ಮನೆಯಲ್ಲಿ ಕೋರ್ಟಿನ ನಿವೃತ್ತ ಬೆರಳಚ್ಚುಗಾರ್ತಿ ಇರುವ ಯೋಗ ಎಲ್ಲ ಅಜ್ಜಿಯರಿಗೂ ಇರುವುದಿಲ್ಲ. ಆ ಸಂಚಿಕೆ ನೋಡಿ ಬಾಯಿ ಮುಚ್ಚಿಕೊಂಡು ಊರಿಗೆ ಹಿಂತಿರುಗಿದ ಇನ್ನೆಷ್ಟು ಅಜ್ಜಿಯರಿದ್ದಾರೋ ಎಂದು ಯೋಚಿಸಿದರೆ ನನಗೆ ಈಗಲೂ ರಾತ್ರಿ ನಿದ್ದೆ ಹತ್ತುವುದಿಲ್ಲ.

ಆ ವಾಹಿನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದೆ. ತಲುಪಿದ ರಸೀದಿ ಬಂತು, ಉತ್ತರ ಬರಲಿಲ್ಲ. ಮತ್ತೆ ಬರೆದೆ, ಆಗಲೂ ಬರಲಿಲ್ಲ. ಕೇಬಲ್ ಟೆಲಿವಿಷನ್ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಟಿವಿ ಕಾರ್ಯಕ್ರಮಗಳು ಪಾಲಿಸಬೇಕಾದ ಕಾರ್ಯಕ್ರಮ ಸಂಹಿತೆಯ ಬಗ್ಗೆ ವೀಕ್ಷಕರು ಕೊಟ್ಟ ದೂರನ್ನು ವಾಹಿನಿ 15 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅಲ್ಲಿಂದ ಕೇಂದ್ರ ಸರ್ಕಾರದ ಸಮಿತಿಗೆ ಹೋಗಬಹುದು. ಆ ದಾರಿ ನನಗೆ ಗೊತ್ತು. ಸದ್ಯಕ್ಕೆ ಅದನ್ನು ಹಿಡಿಯುತ್ತಿಲ್ಲ. ಯಾರ ಕತೆಯನ್ನೂ ಕತ್ತರಿಸುವ ಆಸೆ ನನಗಿಲ್ಲ. ಕತೆ ಬರೆಯುವವರ ಮನಸ್ಸಿಗೇ ಈ ಮಾತು ಮುಟ್ಟಬೇಕು ಎಂಬುದು ನನ್ನ ಹಂಬಲ.

ಸುತ್ತಿಗೆಯ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. 34 ವರ್ಷಗಳಲ್ಲಿ ನಾನು ಯಾವ ನ್ಯಾಯಾಧೀಶರ ಮೇಜಿನ ಮೇಲೂ ಸುತ್ತಿಗೆಯನ್ನು ನೋಡಲಿಲ್ಲ. ಅವರು ತಲೆ ಎತ್ತಿ ನೋಡಿದರೆ ಸಾಕು, ಸದ್ದು ಅಡಗುತ್ತಿತ್ತು. ಸುತ್ತಿಗೆ ತೋರಿಸಿದರೆ ಯಾರ ಬದುಕೂ ಕೆಡುವುದಿಲ್ಲ, ಬಿಡಿ. ಆದರೆ ಭಗವದ್ಗೀತೆಯ ಮೇಲೆ ಕೈ ಇರಿಸಿ ಪ್ರಮಾಣ ಮಾಡಿಸುವ ದೃಶ್ಯದ ಬಗ್ಗೆ ಹಾಗೆ ಹೇಳಲಾರೆ. ಕಟಕಟೆ ಹತ್ತಿದ ಎಷ್ಟೋ ಜನ ಪುಸ್ತಕಕ್ಕಾಗಿ ಕೈ ಚಾಚಿ, ಸಿಗದೆ ತಬ್ಬಿಬ್ಬಾಗಿದ್ದನ್ನು ಕಂಡಿದ್ದೇನೆ. ಗುಬ್ಬಿ ಕಡೆಯ ಮುಸ್ಲಿಂ ಹಿರಿಯರೊಬ್ಬರು ಸಾಕ್ಷಿ ನುಡಿಯುವ ದಿನ ಬೆಳಿಗ್ಗೆ ನನ್ನ ಹತ್ತಿರ ಬಂದು, ತಮಗೆ ಯಾವ ಗ್ರಂಥ ಕೊಡುತ್ತಾರೆ ಎಂದು ತಗ್ಗಿದ ದನಿಯಲ್ಲಿ ಕೇಳಿದ್ದರು. ಅದರ ಚಿಂತೆಯಲ್ಲಿ ಹಿಂದಿನ ರಾತ್ರಿ ಊಟವನ್ನೇ ಮಾಡಿರಲಿಲ್ಲವಂತೆ. 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಗ್ರಂಥದ ಅಗತ್ಯವೇ ಇಲ್ಲ. ಇದನ್ನು ಇರುವಂತೆಯೇ ತೋರಿಸಿದ್ದರೆ ಆ ಹಿರಿಯರು ಹೊಟ್ಟೆ ತುಂಬ ಉಂಡು ಬರುತ್ತಿದ್ದರು.

ಪೊಲೀಸ್ ಠಾಣೆಯ ದೃಶ್ಯಗಳು ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತಿವೆ. "ಇದು ನಮ್ಮ ಸರಹದ್ದಿಗೆ ಬರುವುದಿಲ್ಲ" ಎಂದು ಪೇದೆ ಹೇಳುತ್ತಾನೆ, ನಾಯಕಿ ಕಣ್ಣೊರೆಸಿಕೊಂಡು ಹೊರಬರುತ್ತಾಳೆ. ಅದು ಆ ಪೇದೆಯ ತಪ್ಪು ಎಂದು ಮುಂದೆ ಎಲ್ಲಿಯೂ ಬರುವುದಿಲ್ಲ. ನಮ್ಮ ಬೀದಿಯ ಹೆಂಗಸೊಬ್ಬರು ತಿಪಟೂರಿನಿಂದ ಬಸ್ಸಿನಲ್ಲಿ ಬರುತ್ತ ಕೊರಳಿನ ಸರ ಕಳೆದುಕೊಂಡರು. ಯಾರೋ ಕಿತ್ತುಕೊಂಡು ಇಳಿದು ಹೋಗಿದ್ದರು. ಗುಬ್ಬಿಯ ಹಿಂದೆಯೋ ಮುಂದೆಯೋ ಸರಿಯಾಗಿ ಗೊತ್ತಿಲ್ಲ, ಹಾಗಿರುವಾಗ ಯಾವ ಠಾಣೆಯೂ ದೂರು ಬರೆದುಕೊಳ್ಳುವುದಿಲ್ಲ ಎಂದು ತಾವೇ ತೀರ್ಮಾನಿಸಿ ಸುಮ್ಮನಾಗಿಬಿಟ್ಟರು. ಠಾಣೆಯ ಮೆಟ್ಟಿಲನ್ನು ಹತ್ತಲೇ ಇಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಘಟನೆ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಬರೆದಿದೆ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ನಾಯಕಿ ಅಳುತ್ತ ಹೊರಬಂದ ಆ ಠಾಣೆಯ ಬಾಗಿಲಲ್ಲಿ ಚಹಾ ಮಾರುವವನೋ, ಮುದುಕಿಯೊಬ್ಬಳೋ ಈ ಒಂದು ಮಾತು ಹೇಳಿದ್ದರೆ ನಿಮ್ಮ ದೃಶ್ಯ ಕೆಡುತ್ತಿತ್ತೇ?

ಲಾಕಪ್ಪಿನ ಹೊಡೆತದ ದೃಶ್ಯಗಳನ್ನು ನೋಡುವಾಗ ನಾನು ಟಿವಿಯ ಸದ್ದು ತಗ್ಗಿಸುತ್ತೇನೆ. ನಾಯಕನಾದ ಇನ್‌ಸ್ಪೆಕ್ಟರ್ ಬೆಲ್ಟ್ ಬಿಚ್ಚುತ್ತಾನೆ, ಆರೋಪಿ ಕೈಮುಗಿದು ಒಪ್ಪಿಕೊಳ್ಳುತ್ತಾನೆ, ಪ್ರಕರಣ ಮುಗಿಯಿತು ಎಂದು ಎಲ್ಲರೂ ನಗುತ್ತ ಹೊರನಡೆಯುತ್ತಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳುತ್ತಿತ್ತು, ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಅವನು ತಿಳಿಸಿದ್ದರಿಂದ ಒಂದು ವಸ್ತುವೋ ಸಂಗತಿಯೋ ಪತ್ತೆಯಾದರೆ, ಅದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಮಂಪರು ಪರೀಕ್ಷೆಯ ಮಾತೂ ಅಷ್ಟೇ. ಆರೋಪಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿತು. ಆ ಪ್ರಕರಣದ ಹೆಸರು ಸೆಲ್ವಿ ಮತ್ತು ಕರ್ನಾಟಕ ರಾಜ್ಯ. ನಮ್ಮ ರಾಜ್ಯದ ಹೆಸರನ್ನೇ ಹೊತ್ತ ತೀರ್ಪು ನಮ್ಮ ಭಾಷೆಯ ಧಾರಾವಾಹಿಗಳಿಗೆ ಇನ್ನೂ ತಲುಪಿಲ್ಲ ಎಂಬುದು ನನಗೆ ನೋವಿನ ಸಂಗತಿ.

ನೋವಿಗೆ ಕಾರಣ ಇದೆ. ಮಗ ಜೈಲಿನಲ್ಲಿರುವ ತಾಯಂದಿರು ನ್ಯಾಯಾಲಯದ ಜಗಲಿಯಲ್ಲಿ ಕುಳಿತು, "ಠಾಣೆಯಲ್ಲಿ ಒಪ್ಪಿಕೊಂಡುಬಿಟ್ಟಿದ್ದಾನಂತೆ, ಇನ್ನು ವಕೀಲರನ್ನು ಇಟ್ಟು ಏನು ಪ್ರಯೋಜನ" ಎಂದು ಹೇಳಿದ್ದನ್ನು ನಾನು ಒಂದಲ್ಲ, ಹತ್ತಾರು ಬಾರಿ ಕೇಳಿದ್ದೇನೆ. ಬಂಧನದಲ್ಲಿರುವ ಯಾರಿಗೇ ಆಗಲಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಆಗಲಿ, ಆದಾಯ ಎಷ್ಟೆಂದು ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100 ಸಂಖ್ಯೆಗೆ ಕರೆ ಮಾಡಿದರೂ ಆಯಿತು. ಈ ಐದು ಅಂಕಿಗಳನ್ನು ನಾನು ಯಾವ ಧಾರಾವಾಹಿಯಲ್ಲೂ ಕೇಳಿಲ್ಲ.

ಇನ್ನು ಅಭಿಮಾನಿಗಳೇ, ನಿಮ್ಮ ಕಡೆಗೆ ಬರುತ್ತೇನೆ.

ನಮ್ಮ ಮನೆಯ ಮಹಡಿಯಲ್ಲಿ ಮೂವರು ಹುಡುಗಿಯರು ಬಾಡಿಗೆಗೆ ಇದ್ದಾರೆ. ಇಬ್ಬರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಮೂರನೆಯವಳು ಇಲ್ಲಿಯೇ ಬಿ.ಕಾಂ. ಓದುತ್ತಾಳೆ. ಒಂದು ಧಾರಾವಾಹಿಯ ವಕೀಲೆಯ ಪಾತ್ರ ಅವಳಿಗೆ ಪ್ರಾಣ. ಆ ಪಾತ್ರವನ್ನು ಇಟ್ಟುಕೊಂಡು ತಾನೇ ಮುಂದಿನ ಕತೆ ಬರೆದು ಮೊಬೈಲಿನಲ್ಲಿ ಗೆಳತಿಯರಿಗೆ ಹಂಚುತ್ತಾಳೆ. ಅವಳ ಕತೆಗಾಗಿ ವಾರವೆಲ್ಲ ಕಾಯುವವರಿದ್ದಾರೆ. ರೈಲಿನ ಪಾಸಿನವರ ಗುಂಪಿನಲ್ಲಿ ಅವಳ ಕತೆಯ ಬಗ್ಗೆ ತುಮಕೂರಿನಿಂದ ಯಶವಂತಪುರದವರೆಗೂ ಚರ್ಚೆ ನಡೆಯುತ್ತದೆ ಎಂದು ಉಳಿದಿಬ್ಬರು ಹೇಳುತ್ತಾರೆ.

ಒಂದು ಭಾನುವಾರ ಮೂವರೂ ಜಗಳವಾಡುತ್ತ ಕೆಳಗಿಳಿದು ಬಂದರು. ಧಾರಾವಾಹಿಯ ವಕೀಲೆ ಕೊಲೆ ಪ್ರಕರಣದಲ್ಲಿ "ಸೆಕ್ಷನ್ 302" ಎಂದಿದ್ದಳು. ಈಗ ಕೊಲೆಗೆ 103ನೇ ಕಲಂ, ಬರೆದವರಿಗೆ ಅಷ್ಟೂ ಗೊತ್ತಿಲ್ಲ ಎಂದು ಒಬ್ಬಳು. ಜನರಿಗೆ 302 ಎಂದರೆ ತಾನೇ ಅರ್ಥವಾಗುವುದು ಎಂದು ಇನ್ನೊಬ್ಬಳು. "ಆಂಟಿ, ನೀವೇ ಹೇಳಿ" ಎಂದರು. ಕತೆಯಲ್ಲಿ ಕೊಲೆ ನಡೆದದ್ದು ಯಾವಾಗ ಎಂದು ನಾನು ಕೇಳಿದೆ. ಮೂವರೂ ಸುಮ್ಮನಾದರು. ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೆ ಮೊದಲು ನಡೆದ ಕೊಲೆಗೆ ಇಂದಿಗೂ ಹಳೆಯ ದಂಡ ಸಂಹಿತೆಯ 302ನೇ ಕಲಮೇ ಅನ್ವಯ. ಆ ದಿನವೋ ಆಮೇಲೋ ನಡೆದಿದ್ದರೆ ಹೊಸದರ 103. ಹೊಸ ಸಂಹಿತೆಯಲ್ಲೂ 302 ಎಂಬ ಕಲಂ ಇದೆ, ಆದರೆ ಅದು ಧಾರ್ಮಿಕ ಭಾವನೆಗೆ ನೋವಾಗುವಂತೆ ಬೇಕೆಂದೇ ಮಾತನಾಡುವುದಕ್ಕೆ. ಹಿಂದಿನ ಸಂಚಿಕೆಗಳನ್ನು ಹುಡುಕಿದರು. ಕೊಲೆ ನಡೆದದ್ದು 2023ರ ಗಣೇಶನ ಹಬ್ಬದ ರಾತ್ರಿ. ವಕೀಲೆ ಹೇಳಿದ್ದು ಸರಿಯಾಗಿಯೇ ಇತ್ತು. ಸರಿ ಇದ್ದದ್ದನ್ನೂ ಹೇಳಬೇಕಲ್ಲವೇ, ಅದಕ್ಕಾಗಿಯೇ ಇದನ್ನು ಬರೆದೆ.

ಅಂದಿನಿಂದ ಆ ಹುಡುಗಿ ಬರೆಯುವ ಮೊದಲು ನನ್ನ ಹತ್ತಿರ ಬರುತ್ತಾಳೆ. ಕೊಲೆಯಾದವನ ಹೆಂಡತಿಯ ಪರವಾಗಿ ತನ್ನ ನಾಯಕಿ ವಾದ ಮಾಡಬಹುದೇ ಎಂದು ಕೇಳಿದಳು. ಸೆಷನ್ಸ್ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವವರು ಸರ್ಕಾರಿ ಅಭಿಯೋಜಕರು, ಅಂದರೆ ಸರ್ಕಾರದ ಪರ ವಾದಿಸುವ ವಕೀಲರು; ನೊಂದವರ ವಕೀಲರು ಅವರಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದ ಸಲ್ಲಿಸಬಹುದು, ಅಷ್ಟೇ ಎಂದೆ. ಅವಳ ಮುಖ ಬಾಡಿತು. ಮರುವಾರ ಬರೆದು ತಂದದ್ದನ್ನು ಓದಿ ನನ್ನ ಕಣ್ಣು ತುಂಬಿತು. ನಾಯಕಿ ಅಭಿಯೋಜಕರ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಾಳೆ. ಪಾಟೀಸವಾಲಿನಲ್ಲಿ ಸಾಕ್ಷಿ ಜಾರುತ್ತಿದ್ದಾನೆ. ಅವಳು ಎದ್ದು ಮಾತನಾಡುವಂತಿಲ್ಲ. ಚೀಟಿ ಬರೆದು ಮುಂದಕ್ಕೆ ಚಾಚುತ್ತಾಳೆ. ಅಭಿಯೋಜಕರು ಅದನ್ನು ನೋಡದೆ ಕಡತದ ಕೆಳಗೆ ಸರಿಸುತ್ತಾರೆ. ಎರಡನೆಯ ಚೀಟಿ. ಮೂರನೆಯ ಚೀಟಿ. ಬಾಯಿ ಕಟ್ಟಿದ ವಕೀಲೆಯ ಆ ಚಡಪಡಿಕೆಯನ್ನು ನಾನು ನಿಜವಾದ ನ್ಯಾಯಾಲಯದಲ್ಲಿ ಕಂಡಿದ್ದೇನೆ, ಯಾವ ಧಾರಾವಾಹಿಯಲ್ಲೂ ಕಂಡಿಲ್ಲ. ನಿಯಮ ಅವಳ ಕತೆಯನ್ನು ಕಟ್ಟಿಹಾಕಲಿಲ್ಲ, ಆ ದೃಶ್ಯವನ್ನು ಕೊಟ್ಟದ್ದೇ ಆ ನಿಯಮ.

ಮುಂದಿನ ಕಂತಿನಲ್ಲಿ ಕೊನೆಯ ಗಳಿಗೆಗೆ ಪೆನ್‌ಡ್ರೈವ್ ಬರುತ್ತದೆ, ಧಾರಾವಾಹಿಗಳಲ್ಲಿ ಬರುವ ಹಾಗೆಯೇ. ಆದರೆ ಇವಳ ಕತೆಯ ನ್ಯಾಯಾಧೀಶರು ಅದರ ಪ್ರಮಾಣಪತ್ರ, ಅಂದರೆ ಆ ನಕಲು ಯಾವ ಉಪಕರಣದಿಂದ ಹೇಗೆ ಬಂತೆಂದು ದೃಢಪಡಿಸುವ ಪತ್ರ, ಎಲ್ಲಿ ಎಂದು ಕೇಳುತ್ತಾರೆ. ಮೂಲ ಉಪಕರಣವನ್ನೇ ತರದೆ ವಿಡಿಯೊದ ನಕಲನ್ನು ಹಾಜರುಪಡಿಸಿದರೆ ಅದರ ಜೊತೆ ಪ್ರಮಾಣಪತ್ರ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಖಚಿತಪಡಿಸಿದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದಕ್ಕೊಂದು ನಮೂನೆಯನ್ನೇ ಕೊಟ್ಟಿದೆ: ಒಂದು ಭಾಗಕ್ಕೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಆ ದಿನ ನಾಯಕಿಯ ಕಡೆಯವರು ಸೋತು ಹೊರಬಂದರು. ಕತೆ ಅಲ್ಲಿಗೆ ನಿಂತಿತು.

ಅದಕ್ಕೆ ಬಂದ ಮಾತುಗಳನ್ನು ಅವಳು ನನಗೆ ತೋರಿಸಿದಳು. "ನಮ್ಮ ನಾಯಕಿಯನ್ನು ಸೋಲಿಸಲು ನೀನು ಯಾರು", "ಕಾನೂನು ಪಾಠ ಮಾಡುವುದಿದ್ದರೆ ಲಾ ಕಾಲೇಜಿಗೆ ಹೋಗು", "ದಿನವಿಡೀ ದುಡಿದು ಬಂದು ಮನಸ್ಸು ಹಗುರವಾಗಲೆಂದು ಓದುತ್ತೇವೆ, ಇಲ್ಲೂ ಕೋರ್ಟಿನ ರಗಳೆಯೇ". ಅವಳಿಗೆ 20 ವರ್ಷ. ಎರಡು ವಾರ ಏನನ್ನೂ ಬರೆಯಲಿಲ್ಲ.

ಆ ಮಾತುಗಳನ್ನು ಬರೆದವರಲ್ಲಿ ಕೊನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದುಡಿದು ದಣಿದವರಿಗೆ ಕತೆಯಲ್ಲಾದರೂ ನ್ಯಾಯ ಬೇಗ ಸಿಗಲಿ ಎಂಬ ಆಸೆ ತಪ್ಪಲ್ಲ. ಕತೆಗೆ ಸಲ್ಲಬೇಕಾದ ಸ್ವಾತಂತ್ರ್ಯ ಎಷ್ಟೋ ಇದೆ. ನಾನು ಟೈಪ್ ಮಾಡಿದ ಒಂದು ಕೊಲೆ ಪ್ರಕರಣ ಒಂಬತ್ತು ವರ್ಷ ನಡೆಯಿತು, ಮೂವರು ನ್ಯಾಯಾಧೀಶರು ಬದಲಾದರು. ಅದನ್ನು ಹಾಗೆಯೇ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಒಂಬತ್ತು ವರ್ಷಗಳನ್ನು ಒಂಬತ್ತು ಸಂಚಿಕೆ ಮಾಡಿ. ವಾಯಿದೆಗಳನ್ನು ಬಿಟ್ಟುಬಿಡಿ. ತಿಂಗಳುಗಟ್ಟಲೆ ಕಾಯುವ ಪ್ರಯೋಗಾಲಯದ ವರದಿ ಮರುದಿನವೇ ಬರಲಿ, ಚಿಂತೆಯಿಲ್ಲ. ಆದರೆ ಒಬ್ಬ ಬಡವರ ಕೈಯಲ್ಲಿರುವ ಹಕ್ಕನ್ನು ಇಲ್ಲವೆಂದು ತೋರಿಸಬೇಡಿ, ಇಲ್ಲದ ಭಯವನ್ನು ಇದೆಯೆಂದು ತೋರಿಸಬೇಡಿ. ನಾನು ಎಳೆಯುವ ಗೆರೆ ಅದೊಂದೇ. ಪೊಲೀಸರು ಹೊಡೆಯುವುದನ್ನು ತೋರಿಸಲೇಬಾರದು ಎಂದೂ ನಾನು ಹೇಳುತ್ತಿಲ್ಲ. ಹೊಡೆಯುವವರಿದ್ದಾರೆ. ತೋರಿಸಿ, ಅದು ಅಪರಾಧ ಎಂದು ಕತೆಯೊಳಗೆ ಒಬ್ಬರಿಗಾದರೂ ಗೊತ್ತಿರಲಿ.

ನಿಜವನ್ನು ಇರುವಂತೆ ತೋರಿಸಿದರೆ ರಸ ಕೆಡುತ್ತದೆ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ಪಾವಗಡದ ಕಡೆಯ ಒಬ್ಬ ತಾಯಿ ನೆನಪಾಗುತ್ತಾರೆ. ಮಗನನ್ನು ಕಣ್ಣೆದುರೇ ಕೊಂದಿದ್ದರು. ಆಕೆಗೆ ಸರಿಯಾಗಿ ಬರುತ್ತಿದ್ದದ್ದು ತೆಲುಗು ಮಾತ್ರ. ತೆಲುಗು ಬಲ್ಲ ಒಬ್ಬರಿಗೆ ಪ್ರಮಾಣ ಮಾಡಿಸಿ ಭಾಷಾಂತರಕ್ಕೆ ನಿಲ್ಲಿಸಿದರು. ಪಾಟೀಸವಾಲಿನಲ್ಲಿ ವಕೀಲರು ಕೂಗಾಡಲಿಲ್ಲ, ಬೆರಳು ತೋರಿಸಲಿಲ್ಲ. ಮೆಲುದನಿಯಲ್ಲಿ ಒಂದೊಂದೇ ಸಲಹೆ ಮುಂದಿಟ್ಟರು; ಸಾಕ್ಷಿ ಒಪ್ಪುತ್ತಾರೆಯೋ ಇಲ್ಲವೋ ಎಂದು ಮುಂದಿಡುವ ಮಾತಿಗೆ ಕೋರ್ಟಿನಲ್ಲಿ ಸಲಹೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಬೆಳಕು ಇರಲಿಲ್ಲ. ನೀವು ಆಗ ಮನೆಯೊಳಗಿದ್ದಿರಿ. ಹಳೆಯ ದ್ವೇಷದಿಂದ ಈ ಹೆಸರು ಹೇಳುತ್ತಿದ್ದೀರಿ. ಆಕೆ ಪ್ರತಿಯೊಂದಕ್ಕೂ ತಲೆಯಾಡಿಸಿ ಇಲ್ಲವೆಂದರು, ನಾನು ಪ್ರತಿಯೊಂದರ ಕೊನೆಗೂ "ಎಂದರೆ ಸರಿಯಲ್ಲ" ಎಂದು ಬಡಿಯುತ್ತ ಹೋದೆ. ನಮ್ಮ ಸಾಕ್ಷಿ ಹೇಳಿಕೆಗಳಲ್ಲಿ ಹಾಗೆ ಬರೆಯುವುದು ರೂಢಿ. "ಆ ಸಮಯದಲ್ಲಿ ಬೆಳಕು ಇರಲಿಲ್ಲ ಎಂದರೆ ಸರಿಯಲ್ಲ. ನಾನು ಮನೆಯೊಳಗಿದ್ದೆ ಎಂದರೆ ಸರಿಯಲ್ಲ." ಕೊನೆಯದು ಯಾವಾಗಲೂ ಒಂದೇ: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಅದನ್ನು ತೆಲುಗಿನಲ್ಲಿ ಕೇಳಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಫ್ಯಾನಿನ ಸದ್ದು ಕೇಳುವಷ್ಟು ಮೌನ. ನ್ಯಾಯಾಧೀಶರು ಕುರ್ಚಿ ಹಾಕಿಸಿ, ನೀರು ತರಿಸಿದರು. ನಂತರ ನನ್ನ ಕಡೆ ತಿರುಗಿ, "ಈ ಹಂತದಲ್ಲಿ ಸಾಕ್ಷಿಯು ಕಣ್ಣೀರಿಟ್ಟರು ಎಂದು ಬರೆದುಕೊಳ್ಳಿ" ಎಂದರು. ಸಾಕ್ಷಿಯ ಹಾವಭಾವವನ್ನು ದಾಖಲಿಸಲು ಕಾನೂನಿನಲ್ಲಿ ಅವಕಾಶ ಇದೆ. ನಾನು ಬರೆದುಕೊಂಡೆ. ಹೇಳಿಕೆಯನ್ನು ಓದಿ ಹೇಳಿದ ಮೇಲೆ ಆಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳದೆ, ಹಾಗೆಯೇ ಬೆರಳನ್ನು ಎತ್ತಿ ಹಿಡಿದುಕೊಂಡು ಹೊರಗೆ ಹೋದರು. ಇಷ್ಟರಲ್ಲಿ ಸುತ್ತಿಗೆ ಎಲ್ಲಿಯೂ ಇರಲಿಲ್ಲ.

ಇದು ಕನ್ನಡದ ಕಿರುತೆರೆಗೆ ಆಗದ ಕೆಲಸವೇನೂ ಅಲ್ಲ. ಕಾನೂನು ಓದಿದ ನಿರ್ದೇಶಕರೊಬ್ಬರು ತಾವೇ ಕರಿಕೋಟು ತೊಟ್ಟು ವಕೀಲರ ಪಾತ್ರ ಮಾಡಿದ ಧಾರಾವಾಹಿಗಳು ನಿಮಗೂ ನೆನಪಿರಬಹುದು. ಸಂಚಿಕೆಗಟ್ಟಲೆ ಬರೀ ವಾದ ವಿವಾದ, ಆದರೂ ಊರಿಗೆ ಊರೇ ಕುಳಿತು ನೋಡುತ್ತಿತ್ತು. ಮರುದಿನ ನಮ್ಮ ಕೋರ್ಟಿನ ವಕೀಲರ ಕೊಠಡಿಯಲ್ಲೂ ಅದೇ ಚರ್ಚೆ. ಆ ನೋಡುಗರು ಇನ್ನೂ ಇದ್ದಾರೆ.

ವಾಹಿನಿಗಳ ಮುಖ್ಯಸ್ಥರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಠಾಣೆಯ ಮತ್ತು ನ್ಯಾಯಾಲಯದ ದೃಶ್ಯಗಳನ್ನು ಚಿತ್ರೀಕರಿಸುವ ಮೊದಲು, ವಿಚಾರಣಾ ನ್ಯಾಯಾಲಯದಲ್ಲಿ ಕೆಲಸ ಮಾಡಿದ ವಕೀಲರೊಬ್ಬರು ಆ ಪುಟಗಳನ್ನು ಓದಲಿ. ಅವರಿಗೆ ಸಂಭಾವನೆ ಕೊಡಿ, ಅವರ ಹೆಸರನ್ನು ತೆರೆಯ ಮೇಲೆ ಹಾಕಿ. ಮಕ್ಕಳು ಸಾಕ್ಷಿಯಾಗುವ ದೃಶ್ಯಗಳನ್ನು ಪೋಕ್ಸೊ ಕಾಯ್ದೆ ಹೇಳುವಂತೆಯೇ ತೋರಿಸಿ. ಇದೊಂದರಲ್ಲಿ ಮಾತ್ರ ನನ್ನದು ಬೇಡಿಕೆಗಿಂತ ಒತ್ತಾಯ. ಅಪರಾಧ ಧಾರಾವಾಹಿಯ ಪ್ರತಿ ಸಂಚಿಕೆಯ ಕೊನೆಗೆ ತುರ್ತು ನೆರವಿನ 112, ಮಕ್ಕಳ ಸಹಾಯವಾಣಿ 1098, ಕಾನೂನು ನೆರವಿನ 15100, ಇಷ್ಟನ್ನು ಓದಲು ಸಾಕಾಗುವಷ್ಟು ಹೊತ್ತು ತೆರೆಯ ಮೇಲೆ ಇಡಿ. ವೀಕ್ಷಕರ ಪತ್ರಕ್ಕೆ ಉತ್ತರ ಬರೆಯಿರಿ. ನಿಮ್ಮ ತಪ್ಪಿನಿಂದ ಒಂದು ಮನೆಯಲ್ಲಿ ಏನಾಯಿತು ಎಂದು ತಿಳಿಸುವ ಪತ್ರವಾದರೆ ಖಂಡಿತ ಬರೆಯಿರಿ.

ಅಭಿಮಾನಿಗಳೇ, ತಪ್ಪನ್ನು ತಪ್ಪು ಎನ್ನುವವರನ್ನು ದಯವಿಟ್ಟು ಗುಂಪಿನಿಂದ ಹೊರಗೆ ನೂಕಬೇಡಿ. ವಾಹಿನಿಯವರು ನನ್ನ ಮಾತಿಗೆ ಕಿವಿಗೊಡದಿರಬಹುದು, ನಿಮ್ಮ ಮಾತಿಗೆ ಕೊಡುತ್ತಾರೆ. ಪಾತ್ರ ಕಲಂ ತಪ್ಪು ಹೇಳಿದರೆ ನಗುವ ಮೊದಲು ಕತೆಯ ತಾರೀಖು ನೋಡಿ. ನಿಮ್ಮ ನಡುವೆ ಸರಿಯಾಗಿ ಬರೆಯಬೇಕೆಂದು ಹೆಣಗುವ ಒಬ್ಬ ಹುಡುಗಿಯೋ ಹುಡುಗನೋ ಇದ್ದರೆ ಅವರ ಬೆನ್ನು ತಟ್ಟಿ. ನಮ್ಮ ಮಹಡಿಯ ಹುಡುಗಿ ಈಗ ಮತ್ತೆ ಬರೆಯುತ್ತಿದ್ದಾಳೆ. ಪ್ರಮಾಣಪತ್ರವನ್ನು ತಡವಾಗಿಯಾದರೂ ಸಲ್ಲಿಸಲು ನ್ಯಾಯಾಲಯ ಅನುಮತಿ ಕೊಡಬಹುದು ಎಂಬುದನ್ನು ಅದೇ 2020ರ ತೀರ್ಪಿನಿಂದ ತಾನೇ ಹುಡುಕಿ ತೆಗೆದಿದ್ದಾಳೆ. ಅವಳ ನಾಯಕಿ ಆ ಅರ್ಜಿಯನ್ನು ಬರೆದುಕೊಂಡು ಅಭಿಯೋಜಕರ ಮನೆ ಬಾಗಿಲು ತಟ್ಟುವಲ್ಲಿಗೆ ಕತೆ ಬಂದು ನಿಂತಿದೆ.

ಸಂಭಾಷಣೆ ಬರೆಯುವವರಲ್ಲಿ ಕೊನೆಯದೊಂದು ಕೋರಿಕೆ. ನಮ್ಮ ದೇಶದಲ್ಲಿ ಕ್ರಿಮಿನಲ್ ನ್ಯಾಯಾಲಯ ತೆರೆದ ನ್ಯಾಯಾಲಯ. ಮುಚ್ಚಿದ ಬಾಗಿಲಿನ ಪ್ರಕರಣಗಳನ್ನು ಬಿಟ್ಟರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು. ಬೆಂಗಳೂರಿನಿಂದ ತುಮಕೂರು 70 ಕಿಲೋಮೀಟರ್. ಬೆಳಗಿನ ರೈಲು ಹಿಡಿದು ಒಂದು ದಿನ ಬನ್ನಿ. ಮೊಬೈಲ್ ಸದ್ದು ಆರಿಸಿ, ಬರೆದುಕೊಳ್ಳಲು ಒಂದು ಪುಸ್ತಕ ತನ್ನಿ. ಕಲಾಪ ಶುರುವಾಗುವ ಮೊದಲೇ ಬಂದು ನಾನು ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಯಾವ ಬೆಂಚಿನಲ್ಲಿ ಕುಳಿತರೆ ಸಾಕ್ಷಿಯ ಮುಖ ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಗೊತ್ತು.

ಗೌರವಗಳೊಂದಿಗೆ,

ನಿವೃತ್ತ ಬೆರಳಚ್ಚುಗಾರ್ತಿ
ತುಮಕೂರು